ತಗ್ಗಿನ ಕೇರಿಯ ಒಂದು ಓಟು

ಡೆಟ್ರಾಯಿಟ್
4 ಮೇ 1984

ತಂಗಿ ವರ್ಡೆಲ್,

ಅರವತ್ತು ವರ್ಷದ ಗಂಡ ಅಡುಗೆಮನೆಯಲ್ಲಿ ಕುಣಿಯುವುದನ್ನು ನೋಡಿ ಲೊರೇನ್ ನನಗೆ ತಲೆ ಕೆಟ್ಟಿತು ಅಂದುಕೊಂಡಳು. ಕ್ಲಿಯೋಫಸ್ ಟಾರ್ವರ್ ಮೇಯರ್ ಚುನಾವಣೆಗೆ ನಿಂತಿದ್ದಾನಂತೆ! ಈ ಸುದ್ದಿಯನ್ನು ನಾನು ಇಲ್ಲಿಯ ನಮ್ಮ ಊರವರ ಕೂಟದಲ್ಲಿ ಕೇಳಬೇಕೇ? ಅಲ್ಲೇ ಕೂತಿರುವ ನೀನು ಒಂದು ಸಾಲು ಬರೆಯಬಾರದಿತ್ತೇ? ನಮ್ಮ ಊರು ಟ್ಯಾಲಿಸ್ ಫೆರಿ ಹುಟ್ಟಿದ ಮೇಲೆ ಆ ಕುರ್ಚಿಯಲ್ಲಿ ನಮ್ಮ ಕರಿಯರವನೊಬ್ಬ ಕೂತದ್ದಿಲ್ಲ.

1954ರಲ್ಲಿ ನಾನು ಓಟಿಗೆ ಹೆಸರು ಬರೆಸಲು ಹೋದಾಗ ಬಿಳಿಯರ ಏಟಿಗೆ ಕೋರ್ಟಿನ ಮೆಟ್ಟಿಲ ಮೇಲೆ ಎರಡು ಹಲ್ಲು ಬಿಟ್ಟು ಬಂದದ್ದು ನಿನಗೆ ಹೇಳಬೇಕಾಗಿಲ್ಲ, ರಕ್ತ ಒರೆಸಿದವಳು ನೀನೇ. ಅದಕ್ಕೇ ಊರು ಬಿಟ್ಟೆ. ಆದರೆ 1966ರಲ್ಲಿ ಕಾರ್ಖಾನೆಯವರು ಕೆಲಸ ಬಿಡಿಸಿದಾಗ ನಾಲ್ಕು ತಿಂಗಳು ಬಂದಿದ್ದೆನಲ್ಲ, ಆಗ ಹೊಸ ಕಾನೂನು ಬಂದಿತ್ತು, ಅದೇ ಮೆಟ್ಟಿಲು ಹತ್ತಿ ಹೆಸರು ಬರೆಸಿದೆ. ಆ ಹೆಸರನ್ನು ಇವತ್ತಿನವರೆಗೆ ಯಾರೂ ಹೊಡೆದುಹಾಕಿಲ್ಲ. ಕೂಟದಲ್ಲಿ ನನ್ನಂಥವರು ಹನ್ನೊಂದು ಜನ ಇದ್ದೇವೆ. ಇಲ್ಲೂ ನಮಗೆ ಓಟಿದೆ, ಅಲ್ಲೂ ಇದೆ. ಊರಿನ ಚರ್ಚಿನ ಪುಸ್ತಕದಲ್ಲಿ ನಮ್ಮ ಹೆಸರಿದೆ, ಸತ್ತರೆ ನಮ್ಮನ್ನು ಅಲ್ಲಿಗೇ ತರುತ್ತಾರೆ. ಮತ್ತೆ ಓಟು ಹಾಕಿದರೆ ಏನು ತಪ್ಪು?

ನನ್ನ ಹೆಸರಿಗೆ, ನಿನ್ನ ಮನೆಯ ವಿಳಾಸಕ್ಕೆ, ಅಂಚೆ ಮತಪತ್ರ ತರಿಸು. ಯಾರು ಟಾರ್ವರ್‌ಗೆ ಹಾಕುವುದಿಲ್ಲವೋ ಅವರ ಮನೆಯ ನೀರನ್ನೂ ನಾನು ಮುಟ್ಟುವುದಿಲ್ಲ ಎಂದು ಕೇರಿಯಲ್ಲಿ ಸಾರು.

ನಿನ್ನ ಅಣ್ಣ,
ಅಮೋಸ್


ಟ್ಯಾಲಿಸ್ ಫೆರಿ, ಅಲಬಾಮಾ
19 ಮೇ 1984

ಅಣ್ಣಾ,

ಬರೆಯುವಂಥದ್ದೇನೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ಟಾರ್ವರ್ ನಿಂತಿದ್ದಾನೆ, ನಿಜ. ಹೆಣ ಹೂಳುವ ವ್ಯಾಪಾರದಲ್ಲಿ ದುಡ್ಡು ಮಾಡಿ ಮೂರನೆಯ ಕ್ಯಾಡಿಲಾಕ್ ಕಾರು ಕೊಂಡ ಮೇಲೆ ಅವನಿಗೆ ಊರಿನ ಸೇವೆ ಮಾಡುವ ಆಸೆ ಹುಟ್ಟಿದೆ. ಕಳೆದ ಭಾನುವಾರ ಚರ್ಚಿನಲ್ಲಿ ಅರ್ಧ ಗಂಟೆ ಮಾತಾಡಿದ. ನಮ್ಮ ಜನ, ನಮ್ಮ ಕಾಲ, ನಮ್ಮ ಸರದಿ ಅಂದ. ಚರಂಡಿಗೆ ಏನು ಮಾಡ್ತೀರಿ ಅಂತ ನಾನು ಎದ್ದು ಕೇಳಿದೆ. "ಏನಮ್ಮಾ ವರ್ಡೆಲ್, ಚರಿತ್ರೆ ನಿನ್ನ ಬಾಗ್ಲಿಗೆ ಬಂದು ನಿಂತಿದೆ, ನೀನು ನೋಡಿದ್ರೆ ಕಕ್ಕಸಿನ ಮಾತಾಡ್ತೀಯ" ಅಂದ. ಎಲ್ಲರೂ ನಕ್ಕರು. ಮಳೆ ಬಂದಾಗ ತಗ್ಗಿನ ಕೇರಿಯಲ್ಲಿ ಯಾರ ಮನೆಯೊಳಗೆ ಏನು ತೇಲಿ ಬರುತ್ತದೆ ಅನ್ನುವುದು ನಕ್ಕವರಿಗೆಲ್ಲ ಗೊತ್ತು.

ಎದುರಾಳಿ ಹಾಯ್ಟ್ ಕ್ರೇನ್. ಊರಿನ ನೀರು, ಚರಂಡಿಯ ಕೊಳವೆಗಳನ್ನು ನೋಡಿಕೊಳ್ಳುವ ಬಿಳಿಯ. ಅವನಿಗೆ ಮಾತೇ ಬರುವುದಿಲ್ಲ. ವೇದಿಕೆ ಹತ್ತಿದರೆ ಟೋಪಿ ಹಿಸುಕುತ್ತಾ ನಿಲ್ಲುತ್ತಾನೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಮ್ಮವರ ಕೈ ಕುಲುಕಿದವನಲ್ಲ. ಆದರೆ ಕೊಳವೆ ಒಡೆದಾಗ ಗುದ್ದಲಿ ಹಿಡಿದು ಮೊಣಕಾಲುದ್ದದ ಹೊಲಸಿಗೆ ಇಳಿಯುವವನು ಅವನೊಬ್ಬನೇ.

ಅರ್ಜಿ ಇದರ ಜೊತೆ ಇದೆ. ಡೆಟ್ರಾಯಿಟ್‌ನಲ್ಲಿ ಇದ್ದುಕೊಂಡು ಇಲ್ಲಿ ಓಟು ಹಾಕುವುದು ಸರಿಯೋ ಅಂತ ಪಾದ್ರಿಯ ಹೆಂಡತಿ ಇನೆಜ್ ಅಕ್ಕನನ್ನು ಕೇಳಿದೆ. "ಎಲ್ಲಾರೂ ಮಾಡ್ತಾರೆ ಕಣೇ. ಅವ್ರು ದುಡಿಯೋಕ್ಕೆ ಹೋಗಿದಾರೆ, ಊರು ಬಿಟ್ಟು ಹೋಗಿಲ್ಲ" ಅಂದಳು. ಅವಳು ಹೇಳಿದ ಮೇಲೆ ನನ್ನದೇನು.

ವರ್ಡೆಲ್


ಡೆಟ್ರಾಯಿಟ್
2 ಜೂನ್ 1984

ವರ್ಡೆಲ್,

ನಿನ್ನ ಕಾಗದವನ್ನು ಕೂಟದಲ್ಲಿ ಓದಬೇಕೆಂದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಮೊದಲು ಮನಸ್ಸಿನಲ್ಲೇ ಓದಿಕೊಂಡದ್ದು ಒಳ್ಳೆಯದಾಯಿತು. ಬಿಳಿಯರ ಮಕ್ಕಳಿಗೆ ಶಾಲೆಯಲ್ಲಿ ಅನ್ನ ಬೇಯಿಸಿ ಬೇಯಿಸಿ ನಿನ್ನ ತಲೆಯೂ ಬೆಂದುಹೋಗಿದೆ. ಕ್ರೇನ್ ಗುದ್ದಲಿ ಹಿಡಿದ ಅಂತ ನಿನಗೆ ಅವನ ಮೇಲೆ ಕನಿಕರವೇ? ಸಂಬಳ ತೆಗೆದುಕೊಂಡು ಹಿಡಿದ. ಟಾರ್ವರ್ ದೇವದೂತ ಅಂತ ನಾನೂ ಹೇಳುತ್ತಿಲ್ಲ. ಕಳ್ಳನೇ ಇರಲಿ. ಬಿಳಿಯ ಕಳ್ಳರನ್ನು ನೂರು ವರ್ಷ ನೋಡಿದೆವಲ್ಲ, ನಮ್ಮ ಕಳ್ಳನಿಗೂ ಒಂದು ಅವಕಾಶ ಸಿಗಲಿ. ಅವನು ಅಮ್ಮನನ್ನು ಎಷ್ಟು ಗೌರವದಿಂದ ಮಣ್ಣು ಮಾಡಿಸಿದ ಅನ್ನುವುದನ್ನೂ ಮರೆತೆಯಾ?

ಅರ್ಜಿ ತುಂಬಿ ಕಳಿಸಿದ್ದೇನೆ. ಮತಪತ್ರ ಬಂದ ಕೂಡಲೇ ಇಲ್ಲಿಗೆ ಕಳಿಸು. ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ವಾಪಸು ಕಳಿಸುತ್ತೇನೆ. ಯಂತ್ರಕ್ಕೆ ಸಿಕ್ಕಿ ಬಲಗೈ ಬೆರಳು ಹೋದ ಮೇಲೆ ಎಡಗೈಯಲ್ಲೇ ಸಹಿ. ಕೋಳಿ ಕೆದರಿದ ಹಾಗೆ ಕಾಣುತ್ತದೆ, ಹೆದರಬೇಡ. ಸಾಕ್ಷಿಯ ಜಾಗ ಖಾಲಿ ಬಿಟ್ಟಿರುತ್ತೇನೆ, ಅಲ್ಲಿ ನಿನ್ನ ಸಹಿ ಹಾಕಿ ಕೊಟ್ಟುಬಿಡು. ನಾನು ಸಹಿ ಮಾಡಿದ್ದೇನೆ ಅನ್ನುವುದಕ್ಕೆ ಒಡಹುಟ್ಟಿದವಳಿಗಿಂತ ದೊಡ್ಡ ಸಾಕ್ಷಿ ಬೇಕೇ?

ಅಮೋಸ್


ಟ್ಯಾಲಿಸ್ ಫೆರಿ
30 ಜೂನ್ 1984

ಅಣ್ಣಾ,

ನಿನ್ನ ಲಕೋಟೆ ತಲುಪಿತು. ಒಳಗೆ ಏನಿದೆ ಅಂತ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಸಾಕ್ಷಿ ಸಹಿ ಹಾಕಿ ನಿನ್ನೆ ನಾನೇ ಊರ ಕಚೇರಿಯಲ್ಲಿ ಕೊಟ್ಟು ಬಂದೆ.

ನನ್ನ ತಲೆ ಬೆಂದಿದೆ ಅಂದೆ, ಇರಲಿ. ಆದರೆ ಬೆಂದಿರುವುದು ನನ್ನೊಬ್ಬಳದೇ ಅಲ್ಲ. ನಿನ್ನೆ ಶಾಲೆಯ ಅಡುಗೆಮನೆಯಲ್ಲಿ ನಮ್ಮ ಬಿಳಿಯ ಮೇಲ್ವಿಚಾರಕಿ ಮಿಸ್ ಲುರ್ಲೀನ್ ಬಟಾಣಿ ಡಬ್ಬಿ ಎಣಿಸುತ್ತಾ, "ಹಾಯ್ಟ್ ಪೆದ್ದ ಕಣೇ ವರ್ಡೆಲ್. ನಮ್ಮನೇಲಿ ಎಲ್ಲಾರ್ಗೂ ಗೊತ್ತು. ಅವ್ನ ಹೆಂಡ್ತಿಗೂ ಗೊತ್ತು. ಆದ್ರೆ ಏನ್ಮಾಡೋದು, ನಿಮ್ಮೋರು ಬಂದ್ರೆ ಗತಿ ಏನು?" ಅಂದಳು. ಅಂದ ಮೇಲೆ ತಾನು ಯಾರ ಮುಂದೆ ಹೇಳಿದೆ ಅಂತ ನೆನಪಾಗಿ ಮುಖ ಕೆಂಪಾಯಿತು. "ನೀನು ಬೇರೆ ಬಿಡು, ನಿನ್ನನ್ನ ಅಂದಿದ್ದಲ್ಲ" ಅಂದಳು. ನಮ್ಮ ಕೇರಿಯಲ್ಲೂ ಟಾರ್ವರ್ ಬಗ್ಗೆ ಇದೇ ಮಾತು, ಬಟಾಣಿ ಡಬ್ಬಿ ಒಂದಿಲ್ಲ. ಎರಡು ಕಡೆಯವರೂ ಮೂಗು ಮುಚ್ಚಿಕೊಂಡು ತಮ್ಮವನಿಗೆ ಹಾಕುತ್ತಾರೆ. ಆಮೇಲೆ ನಾಲ್ಕು ವರ್ಷ ಮೂಗು ಮುಚ್ಚಿಕೊಂಡೇ ಇರಬೇಕು.

ಇನೆಜ್ ಅಕ್ಕ ಹಳದಿ ಚೀಟಿ ಹಂಚುತ್ತಿದ್ದಾಳೆ, ಟಾರ್ವರ್ ಹೆಸರಿನ ಮುಂದೆ ಮೊದಲೇ ಗುರುತು ಹಾಕಿರುವ ಮಾದರಿ ಚೀಟಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಓಟು ಹಾಕಲು ಒಳಗೆ ಹೋಗಬೇಕಂತೆ, ಯಾರಿಗೂ ಗೊಂದಲ ಆಗಬಾರದಂತೆ.

ವರ್ಡೆಲ್


ಟ್ಯಾಲಿಸ್ ಫೆರಿ
12 ಜುಲೈ 1984

ಅಣ್ಣಾ,

ಗೆದ್ದ. ಟಾರ್ವರ್ 323, ಕ್ರೇನ್ 320. ನಿಮ್ಮ ಹನ್ನೊಂದು ಅಂಚೆ ಓಟು ಇಲ್ಲದಿದ್ದರೆ ಸೋಲುತ್ತಿದ್ದ. ಊರಿಗೆ ಊರೇ ನಿಮ್ಮ ಕೂಟದ ಹೆಸರು ಹೇಳುತ್ತಿದೆ. ಚರ್ಚಿನ ಗಂಟೆ ಕೈ ಸೋಲುವವರೆಗೆ ಹೊಡೆದರು. ತೊಂಬತ್ತು ದಾಟಿದ ಮುದುಕಿಯರನ್ನು ಕುರ್ಚಿ ಸಮೇತ ಹೊತ್ತು ತಂದರು. ಎಲ್ಲರೂ ಅತ್ತರು, ನಾನೂ ಅತ್ತೆ. ಸುಳ್ಳು ಅಳು ಅಲ್ಲ. ನಿನ್ನ ಬಾಯಿಯ ರಕ್ತ ಒರೆಸಿದ ದಿನ ನೆನಪಾಯಿತು.

ಒಂದೇ ಒಂದು ಕಿರಿಕಿರಿ. ತಗ್ಗಿನ ಕೇರಿಯ ಪೆಟ್ಟಿಗೆ ಎಣಿಸಿದಾಗ ಟಾರ್ವರ್‌ಗೆ 312, ಕ್ರೇನ್‌ಗೆ ಒಂದು. ನಮ್ಮ ಪೆಟ್ಟಿಗೆಯಲ್ಲಿ ಬಿಳಿಯರ ಓಟು ಬೀಳುವುದಿಲ್ಲ. ಯಾರು ಆ ಒಬ್ಬರು ಅಂತ ಈಗ ಮನೆ ಮನೆಯಲ್ಲೂ ಪಂಚಾಯಿತಿ ನಡೆಯುತ್ತಿದೆ.

ವರ್ಡೆಲ್


ಡೆಟ್ರಾಯಿಟ್
20 ಜುಲೈ 1984

ನನ್ನ ಮುದ್ದು ತಂಗೀ,

ಕೂಟದಲ್ಲಿ ನಿನ್ನ ಕಾಗದ ಗಟ್ಟಿಯಾಗಿ ಓದಿದೆ. ಮೂರು ಸಲ ಓದಿಸಿದರು. ಮೀನು ಕರಿದೆವು, ವಿಸ್ಕಿ ಕುಡಿದೆವು, ನಾನು ಭಾಷಣ ಮಾಡಿದೆ. ಮೂರು ಓಟಿನ ಗೆಲುವು! ಅಂದರೆ ನನ್ನ ಎರಡು ಹಲ್ಲಿಗೆ ಬೆಲೆ ಬಂತು.

ಆ ಒಂದು ಓಟು ಯಾರದು ಅಂತ ಪತ್ತೆ ಮಾಡಿ ಬರೆ. ಅವನ ಮುಖಕ್ಕೆ ಉಗಿಯಲಿಕ್ಕೆ ಅಂತಲೇ ನಾನು ಬಸ್ಸು ಹತ್ತಿ ಬರುತ್ತೇನೆ. ಬಿಳಿಯ ಬಿಳಿಯನಿಗೆ ಹಾಕುತ್ತಾನೆ, ಅದು ಅವನ ಗುಣ. ನಮ್ಮವನೇ ಹಾಕಿದರೆ ಅವನು ಹುಟ್ಟಬಾರದಿತ್ತು.

ಅಮೋಸ್


ಟ್ಯಾಲಿಸ್ ಫೆರಿ
5 ಆಗಸ್ಟ್ 1984

ಅಣ್ಣಾ,

ಬಸ್ಸು ಹತ್ತು. ಆ ಓಟು ನನ್ನದು.

ಬೇರೆ ಯಾರ ಮೇಲಾದರೂ ಅನುಮಾನ ಬಂದು ಹೊಡೆದಾಟ ಆಗುವ ಮೊದಲು ನಿನಗೊಬ್ಬನಿಗೆ ಹೇಳಿಬಿಡುತ್ತೇನೆ. ಇಲ್ಲಿ ಯಾರಿಗೂ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಹಳದಿ ಚೀಟಿ ಹಿಡಿದುಕೊಂಡೇ ಒಳಗೆ ಹೋದೆ. ನಿನ್ನ ಓಟನ್ನು ಟಾರ್ವರ್‌ಗೆ ಭದ್ರವಾಗಿ ಮುಟ್ಟಿಸಿದ್ದೆ. ನನ್ನದು ನನ್ನದು.

ಅಮ್ಮನನ್ನು ಗೌರವದಿಂದ ಮಣ್ಣು ಮಾಡಿದ ಅಂದೆಯಲ್ಲ, ಈಗ ಕೇಳು. ನೀನು ಓಕ್ ಮರದ ಪೆಟ್ಟಿಗೆಗೆ ಅಂತ ದುಡ್ಡು ಕಳಿಸಿದ್ದೆ. ಎಲ್ಲರ ಮುಂದೆ ಓಕ್ ಪೆಟ್ಟಿಗೆಯೇ ಇತ್ತು. ಜನ ಚದುರಿದ ಮೇಲೆ ನನ್ನ ಕೈಚೀಲ ಮರೆತೆ ಅಂತ ಸ್ಮಶಾನಕ್ಕೆ ವಾಪಸು ಹೋದೆ. ಗುಂಡಿಗೆ ಇಳಿಸುವ ಮೊದಲು ಅಮ್ಮನನ್ನು ತಗಡು ಹೊಡೆದ ಹಲಗೆ ಪೆಟ್ಟಿಗೆಗೆ ದಾಟಿಸುತ್ತಿದ್ದರು. ಟಾರ್ವರ್ ಅಲ್ಲೇ ಸಿಗರೇಟು ಸೇದುತ್ತಾ ನಿಂತಿದ್ದ. "ವರ್ಡೆಲ್, ಸತ್ತೋರಿಗೆ ಮರ ಯಾವ್ದು ಅಂತ ಗೊತ್ತಾಗುತ್ತಾ? ಊರಲ್ಲಿ ಇನ್ನೂ ಸಾಯೋರಿದಾರೆ, ಅವ್ರಿಗೂ ಬೇಕಲ್ಲ" ಅಂದ. ನಿನಗೆ ಹೇಳಿದರೆ ನೀನು ಕೊಲೆ ಮಾಡಿ ಜೈಲಿಗೆ ಹೋಗುತ್ತೀಯ ಅಂತ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಬೈಯುವುದಿದ್ದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ವರ್ಡೆಲ್


ಟ್ಯಾಲಿಸ್ ಫೆರಿ
30 ಸೆಪ್ಟೆಂಬರ್ 1984

ಅಣ್ಣಾ,

ಎಂಟು ವಾರವಾಯಿತು, ನಿನ್ನ ಕಾಗದವಿಲ್ಲ. ಸಿಟ್ಟು ಆರಿರದಿದ್ದರೂ ಇದನ್ನು ಪೂರ್ತಿ ಓದು.

ಟಾರ್ವರ್ ಮೇಯರ್ ಆಗಿ ಮಾಡಿದ ಮೊದಲ ಕೆಲಸ ಕ್ರೇನ್‌ನನ್ನು ಕೆಲಸದಿಂದ ತೆಗೆದದ್ದು. ಆ ಜಾಗಕ್ಕೆ ತನ್ನ ಅಳಿಯನನ್ನು ಹಾಕಿದ್ದಾನೆ. ಮಣ್ಣಿನೊಳಗೆ ಯಾವ ಕೊಳವೆ ಎಲ್ಲಿದೆ ಅಂತ ಅಳಿಯನಿಗೆ ಗೊತ್ತಿಲ್ಲ. ಕೇರಿಯಲ್ಲಿ ಹದಿನೈದು ದಿನದಿಂದ ಹೊಲಸು ನಿಂತಿದೆ. ಕೆಲಸ ಕಳೆದುಕೊಂಡ ಕ್ರೇನ್ ಸುಮ್ಮನೆ ಕೂರಲಿಲ್ಲ, ಅಂಚೆ ಓಟುಗಳ ಮೇಲೆ ದೂರು ಕೊಟ್ಟ. ನಾನು ಯಾರಿಗೆ ಓಟು ಹಾಕಿದೆನೋ ಅವನೇ ಕೊಟ್ಟ.

ಸರ್ಕಾರದ ತನಿಖೆಯವರು ಇಬ್ಬರು ಶಾಲೆಗೇ ಬಂದರು, ಮಕ್ಕಳಿಗೆ ಬಡಿಸುತ್ತಿದ್ದ ನನ್ನನ್ನು ಏಪ್ರನ್ ಸಮೇತ ಕರೆದುಕೊಂಡು ಹೋದರು. ನಿನ್ನ 1966ರ ಸಹಿಗೂ ಲಕೋಟೆಯ ಸಹಿಗೂ ತಾಳೆಯಾಗುತ್ತಿಲ್ಲವಂತೆ. ನಾನೇ ನಿನ್ನ ಸಹಿ ಹಾಕಿದೆ ಅನ್ನುತ್ತಾರೆ. ಬೆರಳಿನ ವಿಷಯ ಹೇಳಿದೆ, ನಂಬಲಿಲ್ಲ. ಸಾಬೀತಾದರೆ ಜೈಲು, ಕೆಲಸ ಹೋಗುತ್ತದೆ, ಸಾಯುವವರೆಗೆ ಓಟೂ ಇಲ್ಲ.

ಕೂಟದ ಉಳಿದ ಹತ್ತು ಜನರನ್ನು ಆಗಲೇ ಕೇಳಿದ್ದಾರೆ. "ಸಹಿ ನಮ್ದೇ, ಊರು ಅದೇ, ಇಲ್ಲಿ ದುಡಿಯೋಕ್ಕೆ ಬಂದಿದೀವಿ" ಅಂದರಂತೆ. ಅವರನ್ನು ಬಿಟ್ಟರು, ಅವರ ಓಟುಗಳೂ ಉಳಿದವು. ನಿನ್ನ ಬಳಿಗೂ ಬರುತ್ತಾರೆ. ನೀನೂ ಅಷ್ಟೇ ಹೇಳು. ಸಹಿ ನನ್ನದು ಅನ್ನು. ಬೇರೆ ಏನೂ ಬೇಡ.

ವರ್ಡೆಲ್


ಡೆಟ್ರಾಯಿಟ್
14 ಅಕ್ಟೋಬರ್ 1984

ಪ್ರೀತಿಯ ವರ್ಡೆಲ್,

ಹಳೆಯದನ್ನೆಲ್ಲ ಮರೆತುಬಿಡೋಣ. ರಕ್ತಸಂಬಂಧ ಓಟಿಗಿಂತ ದೊಡ್ಡದು. ಇಲ್ಲಿಗೆ ಯಾರೂ ಬಂದಿಲ್ಲ, ನೀನು ಸುಮ್ಮನೆ ಗಾಬರಿಯಾಗಬೇಡ. ಬಂದರೆ ನಾನಿದ್ದೇನೆ. ಚೆನ್ನಾಗಿ ಊಟ ಮಾಡು. ನನ್ನ ಪಿಂಚಣಿ ಕಾಗದಪತ್ರ ನಡೆಯುತ್ತಿದೆ, ಲೊರೇನ್‌ಗೆ ರಕ್ತದೊತ್ತಡ. ಈ ವಿಷಯವನ್ನು ಇನ್ನು ಕಾಗದದಲ್ಲಿ ಬರೆಯದಿದ್ದರೆ ಒಳ್ಳೆಯದು.

ನಿನ್ನ ಅಣ್ಣ


ಟ್ಯಾಲಿಸ್ ಫೆರಿ
6 ಫೆಬ್ರವರಿ 1985

ಅಮೋಸ್,

ನಿನ್ನೆ ಕೋರ್ಟಿನಲ್ಲಿ ನಿನ್ನ ಹೇಳಿಕೆ ಓದಿದರು. "ಈ ಸಹಿ ನನ್ನದಲ್ಲ. ಮತಪತ್ರವನ್ನು ನಾನು ಕೇಳಿಲ್ಲ, ನೋಡಿಲ್ಲ. ನನ್ನ ತಂಗಿ ಮಾಡಿರಬೇಕು." ಕೆಳಗಿನ ತಾರೀಖು 9 ಅಕ್ಟೋಬರ್. ಯಾರೂ ಬಂದಿಲ್ಲ ಅಂತ ನನಗೆ ಬರೆದದ್ದು 14ಕ್ಕೆ. ಐದು ದಿನ ಕಳೆದ ಮೇಲೆ ಕೂತು, ಊಟ ಮಾಡು ಅಂತ ಬರೆದೆಯಲ್ಲ, ಆ ಕೈ ಯಾವುದು?

ಟಾರ್ವರ್ ಕೂಡ ಬಂದಿದ್ದ. ರೇಷ್ಮೆ ಟೈ ಕಟ್ಟಿದ್ದ. "ಆಕೆ ನಂಗೆ ಪರಿಚಯ ಇಲ್ಲ ಸ್ವಾಮಿ. ಶಾಲೇಲಿ ಅಡುಗೆ ಮಾಡ್ತಾಳೆ ಅಂತ ಕೇಳಿದೀನಿ" ಅಂದ. ತಗ್ಗಿನ ಕೇರಿಯವರು ನಾಲ್ಕು ಬೆಂಚು ತುಂಬ ಕೂತಿದ್ದರು, ನನ್ನ ಪರವಾಗಿ. ನನಗೆ ಊಟದ ಡಬ್ಬಿ ತಂದಿದ್ದರು. ಅವರಿಗೆ ನನ್ನ ಓಟಿನ ವಿಷಯ ಗೊತ್ತಿಲ್ಲ.

ನನ್ನ ಕಡೆಯ ವಕೀಲ ಇನ್ನೂ ಎಳೆಯ, ಆದರೆ ದಡ್ಡನಲ್ಲ. ಅಣ್ಣ ಬರೆದ ಕಾಗದಗಳಿವೆಯಾ ಅಂತ ಕೇಳಿದ. ಎಲ್ಲವೂ ಇವೆ. ಮತಪತ್ರ ತರಿಸು ಅಂದದ್ದು, ಎಡಗೈ ಸಹಿ ಅಂದದ್ದು. ಹನ್ನೊಂದು ಜನಕ್ಕೂ ಎರಡೂ ಕಡೆ ಓಟಿದೆ ಅಂತ ಜಂಬ ಕೊಚ್ಚಿದ್ದೂ ಅದರಲ್ಲೇ ಇದೆ, ಹಾಗೆ ಎರಡು ಕಡೆ ಓಟಿರುವುದು ಕಾನೂನಿಗೆ ವಿರುದ್ಧವಂತೆ. ಅವನ್ನು ಕೊಟ್ಟರೆ ನಾನು ಉಳಿಯುತ್ತೇನೆ. ನೀನು ಸುಳ್ಳು ಹೇಳಿದ್ದಕ್ಕೆ ಸಿಕ್ಕಿಬೀಳುತ್ತೀಯ, ಹನ್ನೊಂದು ಓಟೂ ಹೋಗುತ್ತವೆ, ಟಾರ್ವರ್‌ನ ಕುರ್ಚಿಯೂ ಹೋಗುತ್ತದೆ. ಕೇರಿಯವರು ನನ್ನನ್ನು ಕ್ಷಮಿಸುವುದಿಲ್ಲ.

ನ್ಯಾಯಾಧೀಶರು ಇಪ್ಪತ್ತನೆಯ ತಾರೀಖಿಗೆ ಮುಂದೂಡಿದ್ದಾರೆ. ಅಷ್ಟರೊಳಗೆ ನೀನೇ ಅವರಿಗೆ ಒಂದು ಸಾಲು ಬರೆ. ಸಹಿ ನನ್ನದು, ಹೆದರಿ ಇಲ್ಲ ಅಂದೆ, ಅಷ್ಟು ಸಾಕಂತೆ. ಬರೆದರೆ ಆ ಕಾಗದಗಳನ್ನು ಯಾರಿಗೂ ತೋರಿಸಬೇಕಾಗುವುದಿಲ್ಲ.

ವರ್ಡೆಲ್


ಡೆಟ್ರಾಯಿಟ್
13 ಫೆಬ್ರವರಿ 1985

ವರ್ಡೆಲ್,

ಕಾಗದಗಳನ್ನು ಸುಡು.

ಇಬ್ಬರು ಬಿಳಿಯರು ಬಾಗಿಲು ತಟ್ಟಿದರೆ ಹೇಗಿರುತ್ತದೆ ಅಂತ ನಿನಗೆ ಗೊತ್ತಿಲ್ಲ. ಮೂವತ್ತು ವರ್ಷದ ದುಡಿಮೆಯ ಪಿಂಚಣಿಗೆ ನಾಲ್ಕು ತಿಂಗಳು ಬಾಕಿ ಇತ್ತು. ನನಗೆ ಹೆಂಡತಿ ಇದ್ದಾಳೆ, ಮನೆಯಿದೆ. ನಿನಗೆ ಗಂಡನಿಲ್ಲ, ಮಕ್ಕಳಿಲ್ಲ, ಇರುವುದು ಒಂದು ಸೌಟು. ಒಂದು ವರ್ಷ ಒಳಗಿದ್ದು ಬಂದರೆ ನಿನಗೆ ಹೋಗುವುದೇನು?

ನನ್ನ ವಿಷಯ ಬಿಡು, ಜನಾಂಗದ ವಿಷಯ ಯೋಚಿಸು. ನೂರು ವರ್ಷಕ್ಕೆ ಒಂದು ಸಲ ಆ ಕುರ್ಚಿ ಸಿಕ್ಕಿದೆ. ನಿನ್ನ ಒಂದು ಪ್ರಾಣಕ್ಕಾಗಿ ಅದನ್ನು ಬಿಳಿಯನ ಕೈಗೆ ಕೊಡುತ್ತೀಯಾ? ನಾನು ಎರಡು ಹಲ್ಲು ಕೊಟ್ಟೆ. ನೀನು ಏನು ಕೊಟ್ಟೆ? ಹೇಗೂ ನೀನು ಕ್ರೇನ್‌ಗೆ ಓಟು ಹಾಕಿದವಳು. ಅವನನ್ನೇ ಕೇಳಿಕೋ, ಬಿಡಿಸಲಿ. ನೀನು ಬಾಯಿ ಬಿಟ್ಟರೆ ಆ ಓಟಿನ ವಿಷಯವನ್ನು ಇನೆಜ್‌ಗೆ ನಾನೇ ಬರೆಯುತ್ತೇನೆ.

ಅಮೋಸ್


ಟ್ಯಾಲಿಸ್ ಫೆರಿ
27 ಮೇ 1985

ಅಮೋಸ್,

ನಿನ್ನ ಮೇಲಿನ ಮೊಕದ್ದಮೆ ಏನಾಯಿತು ಅಂತ ಲೊರೇನ್ ಬರೆದಿದ್ದಳು. ಜೈಲಿಲ್ಲ, ಪಿಂಚಣಿ ಉಳಿಯಿತು, ಮನೆಯಿಂದ ಹೊರಗೆ ಬರುವುದಿಲ್ಲ ಅಂದಳು. ಕೂಟದವರು ನಿನ್ನನ್ನು ಸೇರಿಸುವುದಿಲ್ಲವಂತೆ. ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದಾಗ ನಾನು ಒಲೆಯ ಮುಂದೆ ಕೂತಿದ್ದೆ. ಸುಡುವುದು ಅಂತ ತೀರ್ಮಾನಿಸಿಯೇ ಕೂತಿದ್ದೆ, ನೀನು ಹೇಳುವ ಮೊದಲೇ. ಕೇರಿಯವರು ತಂದ ಊಟದ ಡಬ್ಬಿಗಳು ಮೇಜಿನ ಮೇಲಿದ್ದವು. ಆಮೇಲೆ ನಿನ್ನ ಕಾಗದ ಓದಿದೆ. ಒಂದು ಸೌಟು ಅಂತ ಬರೆದಿದ್ದೆ. ಎದ್ದು ಕೋಟು ಹಾಕಿಕೊಂಡು ಎಲ್ಲವನ್ನೂ ವಕೀಲನ ಕೈಗೆ ಕೊಟ್ಟು ಬಂದೆ, ಅದನ್ನೂ ಸೇರಿಸಿ. ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಕ್ರೇನ್‌ಗೆ ಓಟು ಹಾಕಿದವಳು ಅನ್ನುವ ಸಾಲು ಬಂದಾಗ ಹಿಂದಿನ ನಾಲ್ಕು ಬೆಂಚಿನವರು ಎದ್ದು ಹೊರಗೆ ಹೋದರು. ಇನೆಜ್ ಅಕ್ಕ ಬಾಗಿಲಲ್ಲಿ ನಿಂತು, "ನಿಂಗೆ ಇಷ್ಟ್ ದಿನ ಅನ್ನ ಹೊತ್ತು ತಂದ್ವಲ್ಲೇ" ಅಂದಳು. ನನ್ನನ್ನು ಬಿಡುಗಡೆ ಮಾಡಿದಾಗ ಕೋರ್ಟಿನಲ್ಲಿ ಬಿಳಿಯರು ಮಾತ್ರ ಇದ್ದರು. ಕ್ರೇನ್ ಟೋಪಿ ಮುಟ್ಟಿ ನಕ್ಕ. ಮೈಯೆಲ್ಲ ಉರಿಯಿತು.

ಹನ್ನೊಂದು ಓಟು ರದ್ದಾಗಿ, ಕಳೆದ ಮಂಗಳವಾರ ಮತ್ತೆ ಚುನಾವಣೆ ಆಯಿತು. ನಿಂತವರು ಅವರಿಬ್ಬರೇ. ಊರಿನಲ್ಲಿ ಬೇರೆ ಗಂಡಸರೇ ಇಲ್ಲವೇನೋ. ಮೂರು ತಿಂಗಳಿಂದ ಕೇರಿಯಲ್ಲಿ ನನ್ನೊಡನೆ ಯಾರೂ ಮಾತಾಡಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಗೆ ಕೊಡುವುದಿಲ್ಲ, ಮೇಜಿನ ಮೇಲಿಡುತ್ತಾರೆ. ಚರ್ಚಿನಲ್ಲಿ ನಾನು ಕೂತ ಬೆಂಚು ಖಾಲಿಯಾಗುತ್ತದೆ. ಹಳದಿ ಚೀಟಿಯನ್ನೂ ನನಗೆ ಕೊಡಲಿಲ್ಲ.

ಒಳಗೆ ಹೋಗಿ ಪೆನ್ಸಿಲ್ ಹಿಡಿದು ನಿಂತೆ. ಒಬ್ಬ ನನ್ನನ್ನು ಜೈಲಿಗೆ ಕಳಿಸಲು ನೋಡಿದವನು. ಇನ್ನೊಬ್ಬ ಅಮ್ಮನ ಪೆಟ್ಟಿಗೆ ಕದ್ದು, ನನ್ನ ಪರಿಚಯವೇ ಇಲ್ಲ ಅಂದವನು. ಹಿಂದೆ ಸರತಿಯಲ್ಲಿದ್ದವರು ಕೆಮ್ಮುವವರೆಗೆ ನಿಂತೇ ಇದ್ದೆ. ಟಾರ್ವರ್‌ಗೆ ಹಾಕಿದೆ. ನಮ್ಮ ಬಣ್ಣದವನು ಅನ್ನುವುದು ಬಿಟ್ಟು ಬೇರೆ ಕಾರಣ ಹುಡುಕಿದೆ, ಒಂದೂ ಸಿಗಲಿಲ್ಲ.

ಆದರೂ ಟಾರ್ವರ್ ಆರು ಓಟಿನಿಂದ ಸೋತ. ಕ್ರೇನ್ ಮೇಯರ್ ಆಗಿದ್ದಾನೆ, ಇನ್ನು ಗುದ್ದಲಿ ಹಿಡಿಯುವುದು ತನ್ನ ಕೆಲಸವಲ್ಲ ಅಂತ ಹೇಳಿ ಕಳಿಸಿದ್ದಾನೆ. ನಮ್ಮ ಪೆಟ್ಟಿಗೆಯಲ್ಲಿ ಈ ಸಲ ಅವನಿಗೆ ಒಂದೂ ಬೀಳಲಿಲ್ಲ ಅನ್ನುವುದು ಅವತ್ತೇ ಕೇರಿಗೆಲ್ಲ ಗೊತ್ತಾಯಿತು.

ನಿನ್ನೆ ಭಾನುವಾರ. ಚರ್ಚಿಗೆ ಹೋದಾಗ ಇನೆಜ್ ಅಕ್ಕ ನನ್ನ ಮುಖ ನೋಡದೆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಳು. ಹೇಸಿಗೆ ಆಯಿತು ಅಮೋಸ್, ಅವಳ ಮೇಲೂ, ನನ್ನ ಮೇಲೂ. ಹೋಗಿ ಕೂತೆ.

ವರ್ಡೆಲ್